ಅಹಿಂಸಾಣುವ್ರತದ ಐದು ಅತಿಚಾರಗಳು ಮತ್ತು ಮನೆಯ ಮೂಲೆಯ ಮಗು

ಜೈನ ಶ್ರಾವಕನಿಗೆ ಅಹಿಂಸೆಯ ಉಪದೇಶ ಬೇಕಿಲ್ಲವೆಂಬ ಭಾವನೆ ಸಮಾಜದಲ್ಲಿ ಆಳವಾಗಿ ಬೇರೂರಿದೆ. ನೀರನ್ನು ಸೋಸಿ ಕುಡಿಯುವವನು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವನು, ಕಂದಮೂಲಗಳನ್ನು ತ್ಯಜಿಸಿದವನು ಹಿಂಸೆಯ ದೋಷಕ್ಕೆ ಗುರಿಯಾಗುವುದಾದರೂ ಹೇಗೆ ಎಂಬುದು ಆತನ ಸಮಾಧಾನ. ಆದರೆ ಆಚಾರ್ಯರು ವ್ರತವನ್ನು ಹೇಳಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ವ್ರತವು ಎಲ್ಲೆಲ್ಲಿ ಸದ್ದಿಲ್ಲದೆ ಸೋರಿಹೋಗುತ್ತದೆ ಎಂಬುದನ್ನು ತೋರಿಸಲು ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿಟ್ಟರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ದೋಷಗಳೆಂದರೆ ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅದರ ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿದ ಭಾರ ಹೇರುವುದು, ಅನ್ನನೀರನ್ನು ತಡೆಯುವುದು. ದಿಗಂಬರ, ಶ್ವೇತಾಂಬರ ಪರಂಪರೆಗಳೆರಡಕ್ಕೂ ಈ ಐದರ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಬಸದಿಯಲ್ಲಾಗಲಿ ಉಪಾಶ್ರಯದಲ್ಲಾಗಲಿ ಈ ಭಾಗದ ವ್ಯಾಖ್ಯಾನ ನಡೆದಾಗ ಉದಾಹರಣೆಗೆ ಬರುವುದು ಬಹುಮಟ್ಟಿಗೆ ಎತ್ತು, ಕುದುರೆ, ಆಳುಮಗ. ಎತ್ತಿನ ಗಾಡಿಯ ಕಾಲ ಕಳೆದಂತೆ ಕೇಳುಗರಿಗೆ ಈ ದೋಷಗಳು ತಮ್ಮವಲ್ಲವೆನಿಸಿತು. ಗಾಡಿಯೇ ಇಲ್ಲದ ಮೇಲೆ ಅತಿಭಾರವೆಲ್ಲಿ, ಕೊಟ್ಟಿಗೆಯೇ ಇಲ್ಲದ ಮೇಲೆ ಬಂಧನವೆಲ್ಲಿ? ಆದರೆ ಈ ಐದು ದೋಷಗಳೂ ಇಂದಿಗೂ ನಡೆಯುವ ಸ್ಥಳವೊಂದಿದೆ. ಅದು ಮನೆಯ ಒಳಕೋಣೆ. ಅವುಗಳನ್ನು ಸಹಿಸುವ ಜೀವವೆಂದರೆ ಸೆರೆಬ್ರಲ್ ಪಾಲ್ಸಿಯ, ಆಟಿಸಂನ, ಬುದ್ಧಿಮಾಂದ್ಯದ ಮಗು. ಮಾಡುವವರು ಕ್ರೂರಿಗಳಲ್ಲ, ಆ ಮಗುವನ್ನು ಪ್ರಾಣದಂತೆ ಪ್ರೀತಿಸುವ ತಂದೆತಾಯಿಗಳು. ಅವರಿಗೆ ಬೇರೆ ದಾರಿ ತೋರಿಸುವವರಿಲ್ಲ, ಅಷ್ಟೆ. ಆ ದಾರಿಯನ್ನು ತೋರಿಸುವುದನ್ನೇ ವೃತ್ತಿಯಾಗಿ ಕಲಿತವರು ವಿಶೇಷ ಶಾಲೆಯ ಆಕ್ಯುಪೇಶನಲ್ ಥೆರಪಿಸ್ಟರು. ಅವರ ತಿಂಗಳ ಸಂಬಳದ ಮಾತು ಬಂದಾಗ ಹಣವಿಲ್ಲವೆನ್ನುವ ಸಮಾಜವೇ ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಳನ್ನು ಕೂಗುತ್ತದೆ. ಈ ವೈಪರೀತ್ಯವನ್ನು ಕುರಿತು ವಿಜಯಪುರ, ತಿಕೋಟಾ, ಬಬಲೇಶ್ವರಗಳ ಶ್ರಾವಕರೂ ಮಂದಿರದ ಟ್ರಸ್ಟುಗಳೂ ಮುಚ್ಚುಮರೆಯಿಲ್ಲದೆ ಯೋಚಿಸಬೇಕಾಗಿದೆ.

ವೃತ್ತಿಯ ಸ್ವರೂಪ

ಆಕ್ಯುಪೇಶನಲ್ ಥೆರಪಿಯನ್ನು ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎಂದು ಕರೆದು ಅಪಾರ್ಥಕ್ಕೆ ಎಡೆಮಾಡಲಾಗಿದೆ. ಹೆಸರು ಕೇಳಿದವರು ಇದನ್ನು ನೌಕರಿ ಕೊಡಿಸುವ ತರಬೇತಿಯೆಂದೋ ಕಾರ್ಖಾನೆಯ ಕಾಯಿಲೆಗಳ ಚಿಕಿತ್ಸೆಯೆಂದೋ ತಿಳಿಯುತ್ತಾರೆ. ಇಲ್ಲಿ ಆಕ್ಯುಪೇಶನ್ ಎಂದರೆ ಸಂಬಳದ ಉದ್ಯೋಗವಲ್ಲ. ಮನುಷ್ಯನ ದಿನವನ್ನು ತುಂಬುವ ಎಲ್ಲ ಕೆಲಸಗಳೂ ಅದರೊಳಗೆ ಸೇರುತ್ತವೆ. ಉಣ್ಣುವುದು, ಉಡುವುದು, ಸ್ನಾನ, ಶೌಚ, ಆಟ, ಬರಹ, ಮನೆಗೆಲಸ, ದೇವದರ್ಶನ, ಇವೆಲ್ಲವೂ ಆಕ್ಯುಪೇಶನ್ನುಗಳೇ. ಮೊಣಕಾಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲ ಬಂದಿದೆ ಎಂಬುದು ಮುಖ್ಯವಾಗಿ ಫಿಜಿಯೋಥೆರಪಿಸ್ಟರ ಕ್ಷೇತ್ರ. ಅದೇ ಮಗು ತಾನಾಗಿ ಚಮಚ ಹಿಡಿದು ಉಣ್ಣಬಲ್ಲುದೇ, ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲುದೇ, ಗದ್ದಲದ ತರಗತಿಯಲ್ಲಿ ಹೆದರದೆ ಕೂರಬಲ್ಲುದೇ ಎಂದು ನೋಡುವುದು ಆಕ್ಯುಪೇಶನಲ್ ಥೆರಪಿಸ್ಟರ ಕ್ಷೇತ್ರ. ಎರಡೂ ಬೇಕು, ಒಂದಿದ್ದರೆ ಇನ್ನೊಂದು ಬೇಡವೆನ್ನುವಂತಿಲ್ಲ.

ಈ ವಿದ್ಯೆ ಭಾರತಕ್ಕೆ ಹೊಸತೂ ಅಲ್ಲ. ಅಮೆರಿಕೆಯಲ್ಲಿ ಹುಟ್ಟಿ, ಭಾರತೀಯರನ್ನು ವಿವಾಹವಾಗಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ ಅವರು ೧೯೫೦ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆಯನ್ನು ಆರಂಭಿಸಿದರು. ೧೯೫೨ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಮಣಿಪಾಲದಂಥ ಕಡೆ ಇದರ ಪದವಿ ಶಿಕ್ಷಣವಿದೆ. ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ ಸಂಸತ್ತು ೨೦೨೧ರಲ್ಲಿ ಅಂಗೀಕರಿಸಿದ ಕಾಯಿದೆಯು ಈ ವೃತ್ತಿಗೆ ಶಾಸನದ ಮನ್ನಣೆಯನ್ನೂ ನೀಡಿದೆ. ಏಳು ದಶಕಗಳು ಕಳೆದರೂ ವಿಶೇಷ ಶಾಲೆಗೆ ಭೇಟಿಯಿತ್ತ ದಾನಿಯೊಬ್ಬರು ಉಯ್ಯಾಲೆ, ದೊಡ್ಡ ಚೆಂಡು, ಮಣಿ, ಕಾಳುಗಳ ನಡುವೆ ಕುಳಿತ ಥೆರಪಿಸ್ಟರನ್ನು ಕಂಡು ‘ಇವರು ಮಕ್ಕಳೊಂದಿಗೆ ಆಡುತ್ತಿದ್ದಾರಲ್ಲ’ ಎನ್ನುವುದು ತಪ್ಪಿಲ್ಲ.

ಅದು ಆಟವೇ ಹೌದು, ಆದರೆ ಲೆಕ್ಕವಿಟ್ಟು ಆಡುವ ಆಟ. ಉಯ್ಯಾಲೆಯ ನಿಧಾನ ಲಯವು ದೇಹದ ಸಮತೋಲನವನ್ನು ಕಲಿಸುತ್ತದೆ. ಕಾಳಿನ ಡಬ್ಬಿಯೊಳಗೆ ಅಡಗಿಸಿದ ಗೋಲಿಯನ್ನು ಹುಡುಕುವ ಕೈ ಸ್ಪರ್ಶದ ಭೇದವನ್ನು ಅರಿಯುತ್ತದೆ. ಹೆಬ್ಬೆರಳು ತೋರುಬೆರಳುಗಳಿಂದ ಮಣಿ ಪೋಣಿಸಿದ ಮಗು ಮುಂದೆ ಪೆನ್ಸಿಲು ಹಿಡಿಯುತ್ತದೆ, ಗುಂಡಿ ಹಾಕಿಕೊಳ್ಳುತ್ತದೆ. ಜೈನ ಮನೆಯ ಮಗುವಿಗಾದರೆ ಥೆರಪಿಸ್ಟರು ಇಟ್ಟುಕೊಳ್ಳಬಹುದಾದ ಗುರಿ ಬಸದಿಯಲ್ಲಿಯೇ ಇದೆ. ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಚೆಲ್ಲದಂತೆ ಒಯ್ದು, ಜಿನಬಿಂಬದ ಮುಂದೆ ಪುಟ್ಟ ಪುಂಜಗಳಾಗಿ ಇಡುವುದು. ಮುಷ್ಟಿ ಬಿಗಿದೇ ಹುಟ್ಟಿದಂತಿರುವ ಸೆರೆಬ್ರಲ್ ಪಾಲ್ಸಿಯ ಮಗುವಿಗೆ, ಹಿಡಿದದ್ದನ್ನು ಬೇಕಾದ ಜಾಗದಲ್ಲಿ ಬೇಕಾದಷ್ಟೇ ಬಿಡುವುದು ಹಿಡಿಯುವುದಕ್ಕಿಂತ ಕಷ್ಟ. ಅದನ್ನು ಸಾಧಿಸಲು ಕೆಲವು ಮಕ್ಕಳಿಗೆ ವರ್ಷಗಳೇ ಬೇಕು. ಪಕ್ಕದಲ್ಲಿ ಅಷ್ಟು ಕಾಲ ಕೂರುವವರೊಬ್ಬರು ಬೇಕು.

ಐದು ಅತಿಚಾರಗಳ ಪರೀಕ್ಷೆ

ಮೊದಲನೆಯದು ಬಂಧ. ತಿಕೋಟಾದ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ತಾಯಿ ಓಡಿಹೋಗುವ ಸ್ವಭಾವದ ಮಗನನ್ನು ಮಂಚದ ಕಾಲಿಗೆ ಸೀರೆಯ ಅಂಚಿನಿಂದ ಕಟ್ಟಿ ಹೋಗುತ್ತಾಳೆಂದರೆ ಆಕೆಯನ್ನು ನಿಂದಿಸುವುದು ಸುಲಭ. ಕಟ್ಟದಿದ್ದರೆ ಮಗ ರಸ್ತೆಯಲ್ಲಿ ವಾಹನದ ಕೆಳಗೋ ಬಾವಿಯಲ್ಲೋ ಇರುತ್ತಾನೆಂಬ ಭಯ ಆಕೆಯದು. ಸಿರಿವಂತರ ಮನೆಯಲ್ಲಿ ಹಗ್ಗವಿಲ್ಲ; ಬದಲಾಗಿ ಹೊರಗಿನಿಂದ ಚಿಲಕ ಹಾಕಿದ ಕೋಣೆಯಿದೆ, ಮದುವೆಗೆ ಎಲ್ಲರೂ ಹೊರಟಾಗ ಮನೆಯಲ್ಲೇ ಬಿಟ್ಟುಹೋಗುವ ಪದ್ಧತಿಯಿದೆ. ಎರಡೂ ಬಂಧವೇ. ಮಗು ಯಾವ ಹೊತ್ತಿನಲ್ಲಿ, ಯಾವ ಶಬ್ದಕ್ಕೆ, ಏನನ್ನು ಅರಸಿ ಓಡುತ್ತದೆ ಎಂದು ಥೆರಪಿಸ್ಟರು ಗಮನಿಸುತ್ತಾರೆ. ದಿನಚರಿಯನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಓಟಕ್ಕೆ ಬದಲಾಗಿ ನೀರಿನ ಕೊಡ ತಳ್ಳುವ, ಮೆಟ್ಟಿಲು ಹತ್ತುವ ಕೆಲಸಗಳನ್ನು ಜೋಡಿಸುತ್ತಾರೆ. ಥೆರಪಿಸ್ಟರೂ ಮಗುವನ್ನು ಕುರ್ಚಿಗೆ ಪಟ್ಟಿಯಿಂದ ಬಿಗಿಯುವುದುಂಟು. ಆದರೆ ಆ ಪಟ್ಟಿ ಸೊಂಟವನ್ನು ನೆಟ್ಟಗೆ ಹಿಡಿದು ಕೈಗಳನ್ನು ಬಿಡುಗಡೆ ಮಾಡುವುದಕ್ಕಾಗಿ. ಹೊತ್ತಾದ ಕೂಡಲೇ ಅದನ್ನು ಬಿಚ್ಚುತ್ತಾರೆ. ಬಂಧನಕ್ಕೂ ಆಸರೆಗೂ ಇರುವ ಅಂತರ ಇಷ್ಟೇ. ಅದನ್ನು ತಿಳಿಯಲು ವಿದ್ಯೆ ಬೇಕು.

ಎರಡನೆಯದು ವಧ, ಅಂದರೆ ಹೊಡೆತ. ಆಟಿಸಂ ಇರುವ ಮಗುವಿಗೆ ಕೆಲವು ಶಬ್ದಗಳು, ಬಟ್ಟೆಯ ಕೆಲವು ಒರಟುಗಳು, ಕೆಲವು ಬೆಳಕುಗಳು ತಡೆಯಲಾರದ ಪೀಡೆಯಾಗಬಲ್ಲವು. ಧ್ವನಿವರ್ಧಕ ಗರ್ಜಿಸುವ ಮಂಟಪದಲ್ಲಿ ಅದು ಕಿವಿ ಮುಚ್ಚಿ ಚೀರಿದರೆ, ಬಂಧುಗಳ ಮುಂದೆ ನಾಚಿದ ತಂದೆ ಕೆನ್ನೆಗೆ ಒಂದು ಬಾರಿಸುತ್ತಾನೆ. ಹಟವೆಂದು ತಿಳಿದು ಕೊಟ್ಟ ಆ ಪೆಟ್ಟು ನೋವಿಗೆ ಕೊಟ್ಟ ಪೆಟ್ಟು. ಇದು ಹಟವಲ್ಲ, ನೋವು ಎಂದು ತಂದೆಗೆ ತಿಳಿಸಿಹೇಳುವವರು ಯಾರು? ಆಕ್ಯುಪೇಶನಲ್ ಥೆರಪಿಸ್ಟರು ಹೇಳುತ್ತಾರೆ. ಹೇಳುವುದಷ್ಟೇ ಅಲ್ಲ, ಮಗುವನ್ನು ಜನಸಂದಣಿಗೆ ಹಂತಹಂತವಾಗಿ ಒಗ್ಗಿಸುವ ಕ್ರಮವನ್ನೂ ಕಲಿಸುತ್ತಾರೆ.

ಮೂರನೆಯದು ಛೇದ. ಯಾವ ಶ್ರಾವಕನೂ ಮಗುವಿನ ಕೈಯನ್ನು ಕತ್ತರಿಸಲಾರ. ಆದರೆ ಬಿಗಿದ ಸ್ನಾಯುಗಳ ಕೈಯನ್ನು ವರ್ಷಗಟ್ಟಲೆ ಮಡಚಿದಂತೆಯೇ ಬಿಟ್ಟರೆ ಕೀಲು ಸೆಡೆತು ನಿಲ್ಲುತ್ತದೆ. ಆಮೇಲೆ ಅದನ್ನು ಬಿಡಿಸುವುದು ಶಸ್ತ್ರಚಿಕಿತ್ಸೆಗೂ ಕಷ್ಟ. ಮಗು ಎಳೆಯದಿದ್ದಾಗಲೇ ಸರಿಯಾದ ಭಂಗಿ, ಕೈಗೆ ತಕ್ಕ ಸ್ಪ್ಲಿಂಟು, ದಿನನಿತ್ಯದ ಬಳಕೆ ದೊರೆತಿದ್ದರೆ ಆ ಸೆಡೆತವನ್ನು ಬಹುಮಟ್ಟಿಗೆ ತಡೆಯಬಹುದಿತ್ತು. ‘ದೊಡ್ಡವನಾದಂತೆ ಸರಿಹೋಗುತ್ತದೆ’ ಎಂದು ಹಿರಿಯರು ಹೇಳುತ್ತ ಕಳೆದ ಐದು ವರ್ಷಗಳು ಕತ್ತಿಯಿಲ್ಲದೆ ಮಾಡಿದ ಛೇದವಾಗುತ್ತವೆ.

ನಾಲ್ಕನೆಯದು ಅತಿಭಾರಾರೋಪಣ. ಬೆರಳು ಬಾಗದ ಮಗುವಿಗೆ ಮೂರು ಪುಟ ಕಾಪಿ ಬರೆಯಲು ಹೇಳುವುದು ಅತಿಭಾರ. ಹತ್ತು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು, ಅರ್ಧ ಗಂಟೆಯ ಚಿಕಿತ್ಸೆ ಕೊಡಿಸಿ, ಅದೇ ಬಸ್ಸಿನಲ್ಲಿ ಮರಳುವ ತಾಯಿಯ ಮೇಲಿರುವುದೂ ಅತಿಭಾರ. ಆಕೆಗೆ ಮಗುವನ್ನು ಎತ್ತುವ, ಇಳಿಸುವ ಸರಿಯಾದ ಕ್ರಮವನ್ನು ಕಲಿಸದಿದ್ದರೆ ಕೆಲವೇ ವರ್ಷಗಳಲ್ಲಿ ಆಕೆಯ ನಡುವೂ ಮುರಿಯುತ್ತದೆ. ಶಾಲೆಯ ಮಕ್ಕಳೆಲ್ಲರನ್ನೂ ಒಬ್ಬರೇ ಥೆರಪಿಸ್ಟರ ತಲೆಗೆ ಕಟ್ಟುವ ಆಡಳಿತ ಮಂಡಳಿಯದೂ ಅದೇ ಅತಿಚಾರ. ಲೆಕ್ಕ ಹಾಕಿ ನೋಡಬಹುದು. ನಲವತ್ತು ಮಕ್ಕಳಿಗೆ ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆಯೆಂದರೆ ಒಟ್ಟು ೪೦ ಗಂಟೆ. ವಾರದ ದುಡಿಮೆ ಅಲ್ಲಿಗೇ ತೀರಿತು. ತಾಯಂದಿರಿಗೆ ಕಲಿಸಲು, ಬಡಗಿಯಿಂದ ಕುರ್ಚಿ ಮಾಡಿಸಲು, ಮನೆಗೆ ಹೋಗಿ ನೋಡಲು, ದಾಖಲೆ ಬರೆಯಲು ಒಂದು ನಿಮಿಷವೂ ಉಳಿಯಲಿಲ್ಲ.

ಐದನೆಯದು ಅನ್ನಪಾನನಿರೋಧ. ಇದು ಜೈನ ಮನೆಗಳಿಗೆ ವಿಶೇಷವಾಗಿ ತಟ್ಟುವ ದೋಷ. ನುಂಗುವುದು ಕಷ್ಟವಾದ ಮಗುವಿನ ಒಂದು ಊಟಕ್ಕೆ ಒಂದು ಗಂಟೆಯೂ ಹಿಡಿಯಬಹುದು. ಸೂರ್ಯಾಸ್ತ ಸಮೀಪಿಸಿದಂತೆ ಮನೆಯವರಿಗೆ ಅವಸರ. ಮಲಗಿಸಿ ಬಾಯಿಗೆ ಸುರಿದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಬೇಗ ಮುಗಿಸಿದರೆ ಮಗು ಅರೆಹೊಟ್ಟೆಯಲ್ಲಿ ಮಲಗುತ್ತದೆ. ವ್ರತವನ್ನು ತಾನಾಗಿ ಸ್ವೀಕರಿಸದ ಮಗುವಿನ ಮೇಲೆ ಹಿರಿಯರ ವ್ರತದ ಗಡಿಯಾರವನ್ನು ಹೇರುವುದು ಧರ್ಮವಲ್ಲ. ನೀರಿನ ಮಾತೂ ಹಾಗೆಯೇ. ಶೌಚಕ್ಕೆ ಮೇಲಿಂದ ಮೇಲೆ ಎತ್ತಿ ಒಯ್ಯಬೇಕಾಗುತ್ತದೆಂದು, ಊರಿಗೆ ಹೊರಟ ದಿನ ಮಗುವಿಗೆ ನೀರು ಕಡಿಮೆ ಮಾಡುವವರಿದ್ದಾರೆ. ಇಲ್ಲಿ ಥೆರಪಿಸ್ಟರ ಕೆಲಸ ಅತ್ಯಂತ ಸರಳವಾಗಿಯೂ ಅಮೂಲ್ಯವಾಗಿಯೂ ಇದೆ. ಬೆನ್ನಿಗೆ ಆಸರೆಯಿಟ್ಟು ನೆಟ್ಟಗೆ ಕೂರಿಸುವುದು, ಗದ್ದವನ್ನು ತುಸು ಕೆಳಗಿಳಿಸುವುದು, ಚಮಚದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪಗೆ ಮಾಡುವುದು, ಅಂಚೆತ್ತಿದ ತಟ್ಟೆ ಕೊಡುವುದು, ಸಂಜೆಯ ಊಟವನ್ನು ಒಂದು ಗಂಟೆ ಮುಂಚೆ ಆರಂಭಿಸುವಂತೆ ಮನೆಯ ದಿನಚರಿಯನ್ನು ಬದಲಿಸುವುದು. ಆಲೂಗಡ್ಡೆಯನ್ನು ತಿನ್ನದ ಮನೆಗೆ ಹೆಸರುಬೇಳೆಯ ಮೆತ್ತಗಿನ ಖಿಚಡಿ, ಬಾಳೆಹಣ್ಣುಗಳನ್ನು ಸೂಚಿಸುವುದು. ಇಷ್ಟರಿಂದಲೇ ಅನೇಕ ಮಕ್ಕಳು ಮೈದುಂಬುತ್ತಾರೆ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೂಲವಾಗಿ ಇಡುತ್ತದೆ. ಕೊಲ್ಲುವ ಮನಸ್ಸಿಲ್ಲದಿದ್ದರೂ ಎಚ್ಚರಗೇಡಿತನವಿದ್ದರೆ ಅಲ್ಲಿ ಹಿಂಸೆಯ ದೋಷವುಂಟು. ತಿಳಿಯದೆ ತಪ್ಪಿದ ತಾಯಿಗಿಂತ, ತಿಳಿಸುವವರನ್ನು ನೇಮಿಸಲು ಶಕ್ತಿಯಿದ್ದೂ ಸುಮ್ಮನಿರುವ ಸಮಾಜದ ಪ್ರಮಾದ ದೊಡ್ಡದು.

ದಾನದ ಲೆಕ್ಕ

ಜೈನ ಸಮಾಜ ದಾನ ಮಾಡುವುದಿಲ್ಲವೆಂದು ಯಾರೂ ಹೇಳಲಾರರು. ೧೯೭೫ರಲ್ಲಿ ಜಯಪುರದಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಲಕ್ಷಾಂತರ ಜನರಿಗೆ ಉಚಿತವಾಗಿ ಕೃತಕ ಕಾಲುಗಳನ್ನು ನೀಡಿದೆ. ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರು ಉತ್ತರ ಕರ್ನಾಟಕದ ಬಡವರಿಗೆ ಅದೇ ಸೇವೆಯನ್ನು ಸಲ್ಲಿಸಿದೆ. ಇವು ಹೆಮ್ಮೆಯ ಸಂಗತಿಗಳು. ಆದರೆ ಇವುಗಳ ಯಶಸ್ಸಿನಿಂದಲೇ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿಕೊಂಡಿದೆ. ಅಂಗವೈಕಲ್ಯದ ಸೇವೆಯೆಂದರೆ ವಸ್ತುವೊಂದನ್ನು ಕೊಟ್ಟು ಮುಗಿಸುವುದೆಂದು ದಾನಿಗಳು ಭಾವಿಸಿದ್ದಾರೆ. ಕಾಲು ಕಳೆದುಕೊಂಡವನಿಗೆ ಕೃತಕ ಕಾಲು ಕೊಟ್ಟರೆ ಆತ ನಡೆದು ಮನೆಗೆ ಹೋಗುತ್ತಾನೆ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಕಾಲಿದೆ, ಕೈಯಿದೆ. ಅದಕ್ಕೆ ಬೇಕಾದದ್ದು ವಸ್ತುವಲ್ಲ. ಬಲ್ಲವರೊಬ್ಬರ ಸಾವಿರಾರು ಗಂಟೆಗಳು.

ವಿಶೇಷ ಶಾಲೆಗಳಿಗೆ ಬರುವ ದಾನ ಎಂಥದು? ಮಗನ ಹುಟ್ಟುಹಬ್ಬಕ್ಕೆ ಒಂದು ದಿನದ ಸಿಹಿ ಊಟ, ಹಿರಿಯರ ಪುಣ್ಯತಿಥಿಗೆ ಹಣ್ಣು ಬಿಸ್ಕತ್ತು, ಹೆಸರು ಕೆತ್ತಿದ ಗಾಲಿಕುರ್ಚಿ, ಫಲಕ ಹೊತ್ತ ಕೋಣೆ. ವ್ಯಾಪಾರಸ್ಥರ ಸಮಾಜಕ್ಕೆ ಬಂಡವಾಳ ವೆಚ್ಚಕ್ಕೂ ಆವರ್ತಕ ವೆಚ್ಚಕ್ಕೂ ಇರುವ ಭೇದವನ್ನು ಹೇಳಿಕೊಡಬೇಕಾಗಿಲ್ಲ. ಅಂಗಡಿ ಕಟ್ಟಿಸಿ ಮುನೀಮನನ್ನು ಇಡದ ವ್ಯಾಪಾರಿ ಇಲ್ಲ. ಶಾಲೆಗೆ ಮಾತ್ರ ಥೆರಪಿ ಕೋಣೆಯನ್ನು ಕಟ್ಟಿಸಿ, ಬೀಗ ಹಾಕಿ, ಫಲಕಕ್ಕೆ ಹಾರ ಹಾಕಿ ಬರುತ್ತಾನೆ. ಅಳತೆ ನೋಡದೆ ಕೊಟ್ಟ ಗಾಲಿಕುರ್ಚಿಯಲ್ಲಿ ಕೂತ ಮಗುವಿನ ಬೆನ್ನು ಇನ್ನಷ್ಟು ಸೊಟ್ಟಗಾಗುತ್ತದೆ. ಆ ದಾನ ಹಿಂಸೆಗೆ ನಿಮಿತ್ತವಾಗುತ್ತದೆ.

ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಸಮಾಜ ಪ್ರತಿ ಸಭೆಯಲ್ಲೂ ನೆನೆಯುತ್ತದೆ. ಲಕ್ಕುಂಡಿಯಲ್ಲಿ ೧೦೦೭ರಲ್ಲಿ ಬಸದಿ ಕಟ್ಟಿಸಿದ ಆಕೆಯೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಪ್ರತಿಗಳೆಂದರೆ ಏನು? ಮುದ್ರಣವಿಲ್ಲದ ಕಾಲದಲ್ಲಿ ಓಲೆಯ ಮೇಲೆ ಕಂಠದಿಂದ ಅಕ್ಷರಅಕ್ಷರವಾಗಿ ಕೊರೆದ ಲಿಪಿಕಾರರ ದುಡಿಮೆ. ಆ ಮಹಾತಾಯಿಯ ಶಾಸ್ತ್ರದಾನದಲ್ಲಿ ಕಲ್ಲಿನಷ್ಟೇ ಕೈಗಳಿಗೂ ಪೋಷಣೆಯಿತ್ತು. ಆಕೆಯ ಹೆಸರನ್ನು ಹೇಳುವವರು ಬಸದಿಯ ಕಲ್ಲನ್ನು ಮಾತ್ರ ನೆನಪಿಟ್ಟು ಬರೆದ ಕೈಗಳನ್ನು ಮರೆತಿದ್ದಾರೆ.

ಇನ್ನೊಂದು ಅಣುವ್ರತವನ್ನೂ ಇಲ್ಲಿ ನೆನೆಯಬೇಕು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದೂ ಒಂದು, ಅಸಲಿನ ಬದಲು ನಕಲಿಯನ್ನು ಮಾರುವುದೂ ಒಂದು. ನಾಲ್ಕು ವರ್ಷಕ್ಕೂ ಮೀರಿದ ಪದವಿ ಶಿಕ್ಷಣ ಪಡೆದು ಬಂದವರಿಗೆ ‘ಇದು ಸೇವೆಯಲ್ಲವೇ’ ಎಂದು ಹೇಳಿ ಅಂಗಡಿಯ ಹುಡುಗನ ಸಂಬಳ ಕೊಡುವುದು, ಅದನ್ನೂ ಅನುದಾನ ಬಂದಾಗ ಕೊಡುತ್ತೇವೆಂದು ಮುಂದೂಡುವುದು ಕಳ್ಳತೂಕವೇ. ತರಬೇತಿಯಿಲ್ಲದ ಆಯಾಳನ್ನು ಕೋಣೆಯಲ್ಲಿ ಕೂರಿಸಿ ಬಾಗಿಲಿಗೆ ‘ಥೆರಪಿ ವಿಭಾಗ’ ಎಂಬ ಫಲಕ ಹಾಕುವುದು ನಕಲಿ ಮಾಲೇ. ಸೇವೆಯೆಂಬ ಮಾತು ಮಾಡುವವರ ಬಾಯಲ್ಲಿ ಶೋಭಿಸುತ್ತದೆ, ಮಾಡಿಸಿಕೊಳ್ಳುವವರ ಬಾಯಲ್ಲಿ ಅಲ್ಲ. ಶಾಲು ಹೊದಿಸಿ ಸನ್ಮಾನಿಸಿದರೆ ಮನೆಬಾಡಿಗೆ ಕೊಟ್ಟಂತಾಗುವುದಿಲ್ಲ. ಇಂಥವರು ಬೆಂಗಳೂರಿಗೋ ಪುಣೆಗೋ ಹೊರಟುಹೋದರೆ ಅವರನ್ನು ಧನಲೋಭಿಗಳೆಂದು ಜರೆಯುವ ಹಕ್ಕು ಯಾರಿಗೂ ಇಲ್ಲ.

ಆಕ್ಷೇಪಗಳಿಗೆ ಸಮಾಧಾನ

ಈ ಮಾತನ್ನು ಎತ್ತಿದಾಗಲೆಲ್ಲ ಬರುವ ಮೊದಲ ಉತ್ತರ ‘ಅದು ಆ ಜೀವದ ಪೂರ್ವಕರ್ಮ’ ಎಂಬುದು. ಕರ್ಮಸಿದ್ಧಾಂತವನ್ನು ಇದಕ್ಕಿಂತ ಹೆಚ್ಚಾಗಿ ಅಪಮಾನಿಸಲು ಸಾಧ್ಯವಿಲ್ಲ. ಕರ್ಮವನ್ನು ಪ್ರತಿಯೊಬ್ಬನೂ ತನ್ನ ವಿಷಯದಲ್ಲಿ ವಿಚಾರಿಸಬೇಕೇ ಹೊರತು ಇನ್ನೊಬ್ಬರ ದುಃಖದ ಮುಂದೆ ಕೈಕಟ್ಟಿ ನಿಲ್ಲಲು ನೆಪವಾಗಿ ಬಳಸಬಾರದು. ಹೃದಯದ ಶಸ್ತ್ರಚಿಕಿತ್ಸೆಗೆ ಮುಂಬಯಿಗೆ ಓಡುವ ಶ್ರಾವಕನು ಅಸಾತಾವೇದನೀಯವೆಂದು ಮನೆಯಲ್ಲಿ ಮಲಗುವುದಿಲ್ಲ. ಆತನಿಗೆ ವೈದ್ಯನು ನಿಮಿತ್ತವಾಗಬಹುದಾದರೆ ಮಗುವಿಗೆ ಥೆರಪಿಸ್ಟರೇಕೆ ಆಗಬಾರದು? ಅಂತರಾಯ ಕರ್ಮದಲ್ಲಿ ವೀರ್ಯಾಂತರಾಯವೆಂಬ ಭೇದವಿದೆ. ಅದರ ಕ್ಷಯೋಪಶಮದಿಂದ ಜೀವಕ್ಕೆ ಪುರುಷಾರ್ಥದ ಶಕ್ತಿ ತೆರೆದುಕೊಳ್ಳುತ್ತದೆ. ಇನ್ನೊಬ್ಬರ ದಾನಕ್ಕೆ, ಲಾಭಕ್ಕೆ, ಪುರುಷಾರ್ಥಕ್ಕೆ ವಿಘ್ನ ತಂದವನಿಗೆ ಅಂತರಾಯದ ಆಸ್ರವವಾಗುತ್ತದೆಂದು ಶಾಸ್ತ್ರವೇ ಎಚ್ಚರಿಸಿದೆ. ಮಗುವಿನ ಕರ್ಮದ ಲೆಕ್ಕ ನೋಡುವವನು ತನ್ನ ಲೆಕ್ಕಕ್ಕೆ ಏನು ಜಮೆಯಾಗುತ್ತಿದೆಯೆಂದು ಮೊದಲು ನೋಡಿಕೊಳ್ಳಲಿ.

ಎರಡನೆಯ ಆಕ್ಷೇಪ ದೇವದ್ರವ್ಯದ್ದು. ದೇವರ ಹೆಸರಿನಲ್ಲಿ ಬಂದ ಹಣವನ್ನು ಬೇರೆ ಕಾರ್ಯಕ್ಕೆ ಬಳಸಬಾರದೆಂಬುದು ಸರಿಯಾದ ಮಾತು. ಅದನ್ನು ಮೀರಬೇಕೆಂದು ಇಲ್ಲಿ ಹೇಳುತ್ತಿಲ್ಲ. ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ದಾನವನ್ನು ನಾಲ್ಕಾಗಿ ವಿಂಗಡಿಸಿದ ಪರಂಪರೆ ಇದು. ದಯಾದತ್ತಿಗೆ ಪ್ರತ್ಯೇಕ ನಿಧಿ ತೆರೆಯಲು ಯಾವ ಆಚಾರ್ಯರ ಅಡ್ಡಿಯೂ ಇಲ್ಲ. ಪಾಂಜರಪೋಳಕ್ಕೆ, ಗೋಶಾಲೆಗೆ ಜೀವದಯೆಯ ಹುಂಡಿ ಇಟ್ಟಿರುವ ಮಂದಿರಗಳಲ್ಲಿ ಮನುಷ್ಯಜೀವಿಗೆ ಒಂದು ಹುಂಡಿಗೆ ಜಾಗವಿಲ್ಲವೇ?

ಮೂರನೆಯದು, ಇದು ಸರ್ಕಾರದ ಕೆಲಸವೆಂಬ ವಾದ. ಸರ್ಕಾರದ ಹೊಣೆ ಇದೆ, ಅದನ್ನು ಕೇಳಲೂ ಬೇಕು. ೧೯೯೫ರ ಕಾಯಿದೆಯ ಸ್ಥಾನದಲ್ಲಿ ಬಂದ ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ೨೧ ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ ೪೦ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಇಲ್ಲವೇ ಇಷ್ಟದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಬಂದ ನಿರಾಮಯ ವಿಮೆಯಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯಗಳಿಗೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದ್ದು ಥೆರಪಿಯ ವೆಚ್ಚವೂ ಅದರಲ್ಲಿ ಸೇರಿದೆ. ೨೦೧೧ರ ಜನಗಣತಿ ಕರ್ನಾಟಕದಲ್ಲಿ ೧೩ ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಎಣಿಸಿತು. ಆದರೆ ಕಾಯಿದೆ ಹಕ್ಕನ್ನು ಬರೆದುಕೊಡುತ್ತದೆಯೇ ಹೊರತು ಬಬಲೇಶ್ವರದ ಮನೆಯಲ್ಲಿ ಮಗುವಿನ ಗದ್ದವನ್ನು ಹಿಡಿದು ಕೂರುವುದಿಲ್ಲ. ಬಸದಿ ಕಟ್ಟುವಾಗ ಸರ್ಕಾರಕ್ಕೆ ಕಾಯದ ಸಮಾಜ ಇಲ್ಲಿ ಮಾತ್ರ ಕಾಯುವುದೇಕೆ?

ನಾಲ್ಕನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿಟ್ಟುಕೊಂಡವರು ಹೆಚ್ಚು. ಆ ಶಾಲೆಯಲ್ಲಿ ಜೈನರ ಮಕ್ಕಳೆಷ್ಟಿದ್ದಾರೆ ಎಂಬುದು ಆ ಪ್ರಶ್ನೆ. ಜೀವಗಳು ಪರಸ್ಪರ ಉಪಕಾರಕ್ಕಾಗಿ ಇವೆಯೆಂಬ ಮಾತನ್ನು ಲಾಂಛನದ ಕೆಳಗೆ ಬರೆಸಿಕೊಂಡ ಸಮಾಜಕ್ಕೆ ಆ ಪ್ರಶ್ನೆ ಒಪ್ಪುವುದಿಲ್ಲ. ಜೈನರ ಮಕ್ಕಳೂ ಇದ್ದಾರೆ. ಆದರೆ ಅಕ್ಕತಂಗಿಯರ ಮದುವೆಗೆ ತೊಡಕಾಗುತ್ತದೆಂಬ ಭಯದಿಂದ ಕೆಲವರನ್ನು ಮನೆಯಿಂದ ಹೊರಗೇ ತರುವುದಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಮೂರನೆಯದು. ರೋಗಿಯ ವಾಂತಿಯನ್ನು ಹೇಸದೆ ತೊಳೆದ ಉದ್ದಾಯನ ರಾಜ ಅದಕ್ಕೆ ದೃಷ್ಟಾಂತ. ಜೊಲ್ಲು ಒರೆಸಿ, ಒದ್ದೆಯಾದ ಚಡ್ಡಿ ಬದಲಿಸಿ, ಮತ್ತೆ ನಗುತ್ತ ಚಮಚವನ್ನು ಕೈಗಿಡುವ ಥೆರಪಿಸ್ಟರು ಯಾವ ಮತದವರೇ ಆಗಿರಲಿ, ಆ ಅಂಗವನ್ನು ದಿನವೂ ಪಾಲಿಸುತ್ತಿದ್ದಾರೆ.

ಆಗಬೇಕಾದದ್ದು

ವಿಜಯಪುರದಲ್ಲಿ ಸಹಸ್ರಫಣಿ ಪಾರ್ಶ್ವನಾಥನ ಸನ್ನಿಧಿಗೆ ದೂರದೂರದ ಯಾತ್ರಿಕರು ಬರುತ್ತಾರೆ. ತಿಕೋಟಾ, ಬಬಲೇಶ್ವರಗಳು ೨೦೧೭ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳು. ದ್ರಾಕ್ಷಿ, ಒಣದ್ರಾಕ್ಷಿಗಳ ವ್ಯವಹಾರ ಇಲ್ಲಿನವರ ಕೈಯಲ್ಲಿ ಹಣ ಆಡಿಸಿದೆ. ಶಕ್ತಿಯಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಥೆರಪಿಸ್ಟರೊಬ್ಬರಿಗೆ ತಿಂಗಳಿಗೆ ೩೫,೦೦೦ ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ ೪,೨೦,೦೦೦ ಆಯಿತು. ಹತ್ತು ಟ್ರಸ್ಟುಗಳು ಸೇರಿದರೆ ಒಂದೊಂದಕ್ಕೆ ತಿಂಗಳಿಗೆ ೩,೫೦೦ ರೂಪಾಯಿ. ಶಾಶ್ವತ ನಿಧಿಯನ್ನೇ ಮಾಡುವುದಾದರೆ ಶೇಕಡಾ ೭ರ ಬಡ್ಡಿಯಲ್ಲಿ ೬೦ ಲಕ್ಷ ಮೂಲಧನ ಸಾಕು. ಸೌಧರ್ಮ ಇಂದ್ರನ ಸ್ಥಾನಕ್ಕೆ ಸವಾಲು ಕೂಗುವ ಸಭೆಯಲ್ಲಿಯೇ ಒಂದು ವರ್ಷದ ಸಂಬಳಕ್ಕೂ ಸವಾಲು ಕೂಗಲಿ. ಹೆಸರು ಬೇಕಾದವರು ಆ ಸ್ಥಾನಕ್ಕೆ ತಮ್ಮ ತಂದೆತಾಯಿಯ ಹೆಸರಿಡಲಿ. ಫಲಕದ ಬದಲು ಒಬ್ಬರ ಜೀವನವೃತ್ತಿ ಆ ಹೆಸರನ್ನು ಹೊರುತ್ತದೆ.

ವಾರದಲ್ಲಿ ನಾಲ್ಕು ದಿನ ನಗರದ ವಿಶೇಷ ಶಾಲೆಯಲ್ಲಿ, ಒಂದು ದಿನ ತಿಕೋಟಾದಲ್ಲಿ, ಒಂದು ದಿನ ಬಬಲೇಶ್ವರದಲ್ಲಿ ಥೆರಪಿಸ್ಟರು ದೊರೆಯುವಂತಾದರೆ ತಾಯಂದಿರ ಬಸ್ಸಿನ ಪ್ರಯಾಣ ತಪ್ಪುತ್ತದೆ. ಲಗ್ನಸರಾಯಿ ಇಲ್ಲದ ದಿನಗಳಲ್ಲಿ ಖಾಲಿ ಬಿದ್ದಿರುವ ಮಂಗಲ ಕಾರ್ಯಾಲಯದ ಒಂದು ಕೋಣೆ ಅದಕ್ಕೆ ಸಾಕು. ಗ್ರಾಮ ಪಂಚಾಯತಿಗಳ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾವ ಮಗುವಿದೆಯೆಂದು ತಿಳಿದಿರುತ್ತದೆ. ಅವರನ್ನು ಜೊತೆಗೆ ಕರೆದುಕೊಳ್ಳಬೇಕು. ಗುರುತಿನ ಚೀಟಿ, ನಿರಾಮಯ ವಿಮೆಗಳ ಅರ್ಜಿ ತುಂಬುವ ಕೆಲಸವನ್ನು ಕಾಲೇಜಿಗೆ ಹೋಗುವ ಯುವಕ ಯುವತಿಯರು ವಹಿಸಿಕೊಳ್ಳಬಹುದು. ಪ್ರಾಯಕ್ಕೆ ಬಂದ ಮಕ್ಕಳಿಗೆ ಒಣದ್ರಾಕ್ಷಿಯ ತೊಟ್ಟು ಬಿಡಿಸಿ, ಬಣ್ಣ ಗಾತ್ರಗಳಿಂದ ವಿಂಗಡಿಸಿ, ತೂಗಿ ಪೆಟ್ಟಿಗೆ ತುಂಬುವ ಕೆಲಸವನ್ನು ಥೆರಪಿಸ್ಟರ ಸಲಹೆಯಂತೆ ಹೊಂದಿಸಿಕೊಡಲು ವರ್ತಕರು ಮುಂದೆ ಬರಬೇಕು. ಅದಕ್ಕೆ ಪೂರ್ಣ ಕೂಲಿಯನ್ನೂ ಕೊಡಬೇಕು. ಸಮಾಜದ ಒಬ್ಬ ವಿದ್ಯಾರ್ಥಿನಿಗೆ ಈ ಪದವಿಯನ್ನು ಓದಿಸಿ ಊರಿಗೆ ಕರೆತಂದರೆ ಅದಕ್ಕಿಂತ ಮಿಗಿಲಾದ ಜ್ಞಾನದಾನ ಯಾವುದಿದೆ? ಬಸದಿಗಳಿಗೆ ಇಳಿಜಾರು ದಾರಿ, ತಿಂಗಳಿಗೊಂದು ದಿನ ಧ್ವನಿವರ್ಧಕವಿಲ್ಲದ ಪ್ರಶಾಂತ ದರ್ಶನದ ವೇಳೆ, ಇವಕ್ಕಂತೂ ಹಣವೂ ಹೆಚ್ಚು ಬೇಡ.

ಮಹಾವೀರ ಸ್ವಾಮಿಯ ನಿರ್ವಾಣದ ದೀಪಾವಳಿಯಂದು ಜೈನ ವರ್ತಕರು ಹೊಸ ಖಾತೆಪುಸ್ತಕ ತೆರೆಯುತ್ತಾರೆ. ಟ್ರಸ್ಟುಗಳ ಪುಸ್ತಕದಲ್ಲಿ ಪೂಜೆ, ದೀಪ, ದುರಸ್ತಿ, ಸುಣ್ಣಬಣ್ಣ, ಉತ್ಸವಗಳಿಗೆ ಪುಟಗಳಿವೆ. ಬರುವ ದೀಪಾವಳಿಗೆ ಅದರಲ್ಲಿ ಇನ್ನೊಂದು ಪುಟ ಸೇರಲಿ. ಅದರ ತಲೆಯಲ್ಲಿ ‘ವಿಶೇಷ ಶಾಲೆಯ ಥೆರಪಿಸ್ಟರ ಸಂಬಳ, ಪ್ರತಿ ತಿಂಗಳ ಒಂದನೆಯ ತಾರೀಖು’ ಎಂದು ಬರೆಯಲಿ. ಆ ಪುಟ ಖಾಲಿ ಉಳಿಯುವ ಊರಿನಲ್ಲಿ ಅಹಿಂಸೆಯ ಮೇಲೆ ನಡೆಯುವ ಪ್ರವಚನಗಳು ಎತ್ತಿನ ಉದಾಹರಣೆಯಲ್ಲಿಯೇ ನಿಂತುಬಿಡುತ್ತವೆ.